ಹಸಿರು ಡಬ್ಬದ ಒಂದು ಚೀಟಿ

12 ನವೆಂಬರ್ 2007, ಸೋಮವಾರ

ಇವತ್ತಿಂದ ಕೆಲಸ ಶುರು. ಟ್ರೈನಿಂಗ್ ಕೊಟ್ಟ ದಿನಾನೇ ಬೇಡ ಅಂತ ಎದ್ದು ಬರಬೇಕಿತ್ತು, ಬರಲಿಲ್ಲ, ಈಗ ಅನುಭವಿಸು ಶಶಿರೇಖಾ. ಆರೋಗ್ಯ ಸರ್ವೆ ಅಂದಿದ್ರು. ಪೋಲಿಯೋ ಹನಿ ಹಾಕೋಕೆ ಮನೆಮನೆ ಸುತ್ತಿದ್ದೀನಲ್ಲ, ಹಂಗೇ ಇರುತ್ತೆ ಅಂದ್ಕೊಂಡೆ. ಇದು ನೋಡಿದ್ರೆ ಏಡ್ಸ್ ಸರ್ವೆ. ಆ ಕಾಯಿಲೆ ಬರದೇ ಇರೋಕೆ ಜನ ಏನು ಮಾಡ್ತಾರೆ, ಎಷ್ಟು ಜನ ನಿರೋಧ್ ಬಳಸ್ತಾರೆ, ಎಷ್ಟು ಜನ ರಕ್ತ ಪರೀಕ್ಷೆ ಮಾಡಿಸಿದಾರೆ, ಅದರ ಲೆಕ್ಕ. ಅದೂ ಎಂಥೆಂಥೋರನ್ನೋ ಕೇಳೋದಲ್ಲ, ಮನೆ ಮಠ ಇರೋ ಮಾಮೂಲಿ ಜನಾನ ಕೇಳಬೇಕಂತೆ. ಮಾಮೂಲಿ ಜನಕ್ಕೆ ಇದೆಲ್ಲ ಯಾಕೆ ಸಾರ್ ಅಂದೆ. ನಮ್ಮ ಸೂಪರ್‌ವೈಸರ್ ರವಿಚಂದ್ರ ಸರ್, "ಅದನ್ನ ತಿಳ್ಕೊಳೋಕೇ ಅಲ್ವೇನಮ್ಮಾ ಸರ್ವೆ ಮಾಡ್ತಿರೋದು" ಅಂದ್ರು.

ಎದುರೆದುರು ಕೇಳಿದ್ರೆ ಯಾರೂ ನಿಜ ಹೇಳಲ್ಲ ಅಂತ ಓಟು ಹಾಕೋ ಥರ ಏರ್ಪಾಡು ಮಾಡಿದಾರೆ. ಸ್ಕೂಲಿನ ಒಂದು ರೂಮಲ್ಲಿ ಹತ್ತು ಹನ್ನೆರಡು ಜನಾನ ದೂರದೂರ ಕೂರಿಸೋದು, ಒಬ್ಬೊಬ್ಬರ ಮುಂದೆ ಒಂದು ರಟ್ಟಿನ ಮರೆ. ಮರೆಯೊಳಗೆ ಎರಡು ಡಬ್ಬ. ಹೌದು ಅನ್ನೋರು ಹಸಿರು ಡಬ್ಬಕ್ಕೆ ಆ ಪ್ರಶ್ನೆ ನಂಬರಿನ ಚೀಟಿ ಹಾಕಬೇಕು, ಇಲ್ಲ ಅನ್ನೋರು ಕೆಂಪಿಗೆ. ಪ್ರಶ್ನೆ ಓದೋದು ನಾನು. ಗಂಡಸರ ಗುಂಪಿಗೆ ನನ್ನ ಜೊತೆ ಕೆಲಸಕ್ಕೆ ಸೇರಿರೋ ಹರಿಪ್ರಸಾದ್ ಓದ್ತಾನೆ. ಕೊನೇಲಿ ಎಲ್ಲರ ಹಸಿರು ಡಬ್ಬ ಒಂದು ಕಡೆ, ಕೆಂಪು ಡಬ್ಬ ಒಂದು ಕಡೆ ಸುರಿದು ಎಣಿಸೋದು. ಯಾವ ಚೀಟಿ ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ.

ಇವತ್ತು ಹೊಸಕೋಟೆ ಕಡೆ ಒಂದು ಊರು. ಮೊದಲನೇ ಎರಡು ಪ್ರಶ್ನೆ ಓದಿದೆ. ಮೂರನೇದಕ್ಕೆ ಬಂದು ನಿಂತ್ಬಿಟ್ಟೆ. ಗಂಡನಲ್ಲದ ಬೇರೆಯವರ ಜೊತೆ ಅಂತ ಇದೆ, ಮುಂದಕ್ಕೆ ಓದೋಕೇ ಆಗ್ತಿಲ್ಲ. ಹಿಂದೆ ಕೂತಿದ್ದ ಒಬ್ಬಳು, "ಬಾಯಿ ಬಿಟ್ಟು ಹೇಳವ್ವಾ, ಎಮ್ಮೆ ಹಾಲು ಕರೀಬೇಕು" ಅಂದಳು. ಎಲ್ಲರೂ ನಕ್ಕರು. ಮೈಯೆಲ್ಲ ಉರಿದುಹೋಯ್ತು.

ಮನೇಲಿ ಏನು ಸರ್ವೆ ಅಂತ ಮಾವ ಕೇಳಿದ್ರು. ಸಕ್ಕರೆ ಕಾಯಿಲೆದು ಅಂದೆ.

19 ನವೆಂಬರ್

ಕಾಲು ಬೊಬ್ಬೆ ಬಂದಿದೆ. ಇವತ್ತಿನ ಊರಲ್ಲಿ ಒಬ್ಬಳೂ ನಿರೋಧ್‌ಗೆ ಹಸಿರು ಹಾಕಲಿಲ್ಲ. ಹಾಕೋದಾದ್ರೂ ಯಾಕೆ. ನಾನೂ ಇದ್ದಿದ್ರೆ ಕೆಂಪಿಗೇ ಹಾಕ್ತಿದ್ದೆ. ಎಂಟು ವರ್ಷದ ಸಂಸಾರದಲ್ಲಿ ಆ ಮಾತೇ ಬಂದಿಲ್ಲ.

ಅತ್ತೆ ಮತ್ತೆ ಶುರು ಮಾಡಿದಾರೆ. "ಹರ್ಷಿತಂಗೆ ಆರು ತುಂಬ್ತು, ಇನ್ನೊಂದು ಯಾವಾಗ" ಅಂತ. ಮುದ್ದೆ ತೊಳಸ್ತಾನೂ ಅದೇ, ಕಸ ಗುಡಿಸ್ತಾನೂ ಅದೇ. ನನಗೇನು ಬೇಡ ಅಂತಿದೆಯಾ? ಆಗ್ತಿಲ್ಲ, ಅಷ್ಟೇ.

28 ನವೆಂಬರ್

ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ದೊಡ್ಡಬೆಳವಂಗಲದ ಆಚೆ ಒಂದು ಹಳ್ಳಿಗೆ ಹೋಗಿದ್ವಿ. ಹೆಂಗಸರು ಎಷ್ಟು ಶಿಸ್ತಾಗಿ ಬಂದು ಕೂತ್ರು ಅಂದ್ರೆ, ಪರವಾಗಿಲ್ವೇ ಅಂದ್ಕೊಂಡೆ. ಪಟಪಟ ಅಂತ ಚೀಟಿ ಹಾಕಿದ್ರು. ಸುರಿದು ನೋಡಿದ್ರೆ ಪೂರ್ತಿ ಹಸಿರು. ಊರಿಗೆ ಊರೇ ನಿರೋಧ್ ಬಳಸ್ತಾರೆ. ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿದಾರೆ. ಎಲ್ಲರಿಗೂ ಗಂಡನಲ್ಲದೆ ಬೇರೆಯವರೂ ಇದಾರೆ.

ವಿಚಾರಿಸಿದ್ರೆ, ಅಲ್ಲಿ ಸ್ತ್ರೀಶಕ್ತಿ ಸಂಘದ ಮುಂದಾಳು ಮುನಿವೆಂಕಟಮ್ಮ ಅಂತ, ಬೆಳಿಗ್ಗೇನೇ ಮನೆಮನೆಗೂ ಹೋಗಿ "ಹಸಿರು ಡಬ್ಬ ನಮ್ಮದು, ಎಲ್ರೂ ಹಸಿರಿಗೇ ಹಾಕಿ, ಓಟು ಒಡೀಬಾರದು" ಅಂತ ಹೇಳಿ ಬಂದಿದ್ದಾಳೆ. ಪಂಚಾಯ್ತಿ ಎಲೆಕ್ಷನ್‌ನಲ್ಲೂ ಅವರು ಹಂಗೇ ಅಂತೆ, ಒಂದು ಓಟೂ ಆಚೆ ಹೋಗಲ್ಲ. ಗೆದ್ರೆ ಊರಿಗೆ ಏನಾದ್ರೂ ಬರುತ್ತೆ ಅಂತ ಅವಳ ನಂಬಿಕೆ. ಪ್ರಶ್ನೆ ಏನು ಅಂತ ನಾನು ಬಿಡಿಸಿ ಹೇಳಿದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ಕೂತ್ಬಿಟ್ಟಳು. ಆಮೇಲೆ, "ಅಯ್ಯೋ, ನಮ್ಮತ್ತೆಗೆ ಗೊತ್ತಾದ್ರೆ ಊರು ಬಿಡಿಸ್ತಾಳೆ ಕಣಕ್ಕಾ, ನಮ್ಮ ಚೀಟಿ ವಾಪಸ್ ಕೊಟ್ಬಿಡು" ಅಂದಳು.

ರವಿಚಂದ್ರ ಸರ್‌ಗೆ ತಲೆಬಿಸಿ. ಆ ಊರಿಗೆ ಇನ್ನೊಂದ್ಸಲ ಹೋಗಬೇಕು. ಬಸ್ಸಿಲ್ಲ, ಮೂರು ಮೈಲಿ ನಡೀಬೇಕು. ಕೆಲಸ ಬಿಟ್ಬಿಡೋಣ ಅನ್ನಿಸ್ತಿದೆ, ದಿನಾ ಅನ್ನಿಸ್ತಿದೆ.

9 ಡಿಸೆಂಬರ್, ಭಾನುವಾರ

ಇವರು ಮನೇಲಿದ್ರು. ಸೊಗಡವರೆಕಾಯಿ ತಂದಿದ್ರು, ಎಲ್ಲರೂ ಕೂತು ಬಿಡಿಸಿ, ಹಿತಕಿ, ಸಾರು ಮಾಡಿದೆ. ಅಪ್ಪ ಮಗಳು ಹಿತಕಿದ ಬೇಳೆ ಎಸೆದಾಡಿಕೊಂಡು ಆಡ್ತಿದ್ರು. ದೇವನಹಳ್ಳಿ ಏರ್‌ಪೋರ್ಟ್ ಕಟ್ಟೋ ಕೆಲಸ ಜೋರಾದಾಗಿಂದ ಇಂಥ ದಿನ ಸಿಗೋದೇ ಕಮ್ಮಿ. ಇವರು ನೆಲಮಂಗಲದ ಕಡೆ ಕ್ರಷರ್‌ನಿಂದ ಟಿಪ್ಪರಿಗೆ ಜಲ್ಲಿ ತುಂಬಿಕೊಂಡು ಬಂದು ಇಲ್ಲಿ ಸುರೀತಾರೆ. ಲೋಡು ಸಿಗಲಿಲ್ಲ ಅಂದ್ರೆ ಅಲ್ಲೇ ಉಳ್ಕೊಳ್ತಾರೆ. ಈ ನಡುವೆ ವಾರಕ್ಕೆ ಎರಡು ಮೂರು ಸಲ ಲೋಡು ಸಿಗೋದೇ ಇಲ್ಲ. ಟಿಪ್ಪರಿನಲ್ಲೇ ಮಲಗ್ತೀನಿ ಅಂತಾರೆ, ಪಾಪ, ಸೊಂಟ ಏನಾಗಬೇಕು.

17 ಡಿಸೆಂಬರ್

ನೆಲಮಂಗಲ. ಗೋಡೌನುಗಳ ಹಿಂದಿನ ಒಂದು ಬೀದಿ. ಧೂಳು, ಲಾರಿ ಹಾರನ್ನು, ಪ್ರಶ್ನೆ ಓದಿದ್ದು ನನಗೇ ಕೇಳಿಸಲಿಲ್ಲ.

ಮುಗಿಸಿ ಡಬ್ಬ ಕಟ್ತಿದ್ದೆ. ಪಾಪಕ್ಕ ಅಂತ ಒಬ್ಬ ಹೆಂಗಸು ಹೋಗದೇ ನಿಂತಿದ್ದಳು. ಗಂಡ ಗೋಡೌನಿನಲ್ಲಿ ಲೋಡಿಂಗ್ ಮಾಡ್ತಾನಂತೆ. "ಅಕ್ಕಾ, ಲಾರಿ ಸ್ಟ್ಯಾಂಡ್ ಹಿಂದೆ ರೂಮುಗಳಿದಾವೆ. ನಮ್ಮೋನು ಹೋಗ್ತಾನೆ. ನಂಗೊತ್ತು. ಇವನೊಬ್ಬನೇ ಅಲ್ಲ, ಜಲ್ಲಿ ಟಿಪ್ಪರಿನೋರು, ಏರ್‌ಪೋರ್ಟಿಗೆ ಹೊಡೆಯೋರು, ಎಲ್ಲ ಅಲ್ಲೇ. ಅದನ್ನ ಹಾಕ್ಕೋ ಅಂತ ನಾನು ಹೇಳೋದು ಹೆಂಗೆ? ಹೇಳಿದ್ರೆ, ನೀನು ಯಾವನ ಹತ್ರ ಹೋಗಿದ್ದೆ ಅಂತ ನನ್ನೇ ಹೊಡೀತಾನೆ" ಅಂದಳು.

ಟ್ರೈನಿಂಗ್‌ನಲ್ಲಿ ಕೊಟ್ಟಿದ್ದ ಕರಪತ್ರ ಕೊಟ್ಟೆ. ಆಸ್ಪತ್ರೇಲಿ ಪುಕ್ಕಟೆ ಪರೀಕ್ಷೆ ಮಾಡ್ತಾರೆ, ಗುಟ್ಟಾಗಿ ಇಡ್ತಾರೆ ಅಂದೆ. ಕೈಯಲ್ಲಿ ಹಿಡ್ಕೊಂಡು ನೋಡಿದಳು. "ಅದಿರಲಿ, ನೀವು ಹೆಂಗೆ ಹೇಳ್ತೀರಾ ನಿಮ್ಮನೆಯವ್ರಿಗೆ?"

"ನಮ್ಮನೆಯವರು ಅಂಥೋರಲ್ಲ" ಅಂದೆ. ಅವಳು ನಗಲಿಲ್ಲ. ಹೂಂ ಅಂತ ತಲೆಯಾಡಿಸಿ ಹೋದಳು.

18 ಡಿಸೆಂಬರ್

ಏನು ತಲೆಯಾಡಿಸೋದು ಅವಳು. ನಮ್ಮನೆಯವರನ್ನ ನೋಡಿದಾಳಾ?

27 ಡಿಸೆಂಬರ್

ಎರಡು ಊರು ಇವತ್ತು. ಒಂದು ಕಡೆ ಕರೆಂಟಿಲ್ಲ. ಕೂತ ಹೆಂಗಸರಿಗೆ ಎಲ್ಲ ಬಿಡಿಸಿ ಹೇಳಿದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಒಬ್ಬಳು ನಿರೋಧ್ ಹರಿದು ಹೋದ್ರೆ ಏನು ಮಾಡಬೇಕು ಅಂದಳು, ಅದಕ್ಕೂ ಹೇಳಿದೆ. ಹರಿಪ್ರಸಾದ್ ಬಾಗಿಲ ಹತ್ರ ನಿಂತು ಕೇಳಿಸಿಕೊಂಡು ಆಚೆ ಹೋದ. ಊಟ ಮಾಡೋಕೂ ಶಕ್ತಿ ಇಲ್ಲ. ಇವರು ಬಂದಿಲ್ಲ, ಲೋಡು ಸಿಕ್ಕಿಲ್ಲವಂತೆ.

3 ಜನವರಿ 2008

ನಮ್ಮೂರೇ ಬಂದ್ಬಿಟ್ಟಿದೆ ಸರ್ವೆಗೆ. ಮೇಲಿಂದ ಚೀಟಿ ಎತ್ತಿ ಆರಿಸ್ತಾರೆ, ಕುಂದಾಣ ಹೋಬಳಿಯಲ್ಲಿ ನಮ್ಮೂರು ಬಿದ್ದಿದೆ. ಅವರವರ ಊರಿಗೆ ಅವರವರು ಹೋಗಬಾರದು ಅಂತ ರೂಲ್ಸು, ನಂಗೆ ಆವತ್ತು ಆಫೀಸಲ್ಲೇ ಕೆಲಸ. ಹರಿಪ್ರಸಾದ್ ಗಂಡಸರದ್ದು ಮಾಡ್ತಾನೆ. ಮದುವೆಯಾದ ಗಂಡಸರ ಪಟ್ಟೀಲಿ ಇವರ ಹೆಸರೂ ಬಂದಿದೆ.

ಸಕ್ಕರೆ ಕಾಯಿಲೆ ಅಂದಿದ್ದೆನಲ್ಲ, ಅದು ಸುಳ್ಳು ಅಂತ ಈಗ ಊರಿಗೆಲ್ಲ ಗೊತ್ತಾಯ್ತು. ಮಾವ ಮುಖ ಕೊಟ್ಟು ಮಾತಾಡ್ತಿಲ್ಲ. ಅತ್ತೆ, "ಇಂಥ ಅಸಹ್ಯ ಕೇಳ್ಕೊಂಡು ಊರೂರು ತಿರುಗ್ತೀಯಾ" ಅಂದ್ರು. ಹೌದು ತಿರುಗ್ತೀನಿ, ಏನಿವಾಗ ಅಂದ್ಬಿಟ್ಟೆ. ಅಂದ ಮೇಲೆ ನನಗೇ ಗಾಬರಿ ಆಯ್ತು.

ಇವರಿಗೆ, "ನಿಜ ಏನಿದೆಯೋ ಹಾಕ್ಬಿಡಿ ರೀ. ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ" ಅಂದೆ. "ನಂದೇನಿದೆ ಮುಚ್ಚಿಡೋಕೆ" ಅಂತ ಮೀಸೆ ತೀಡ್ಕೊಂಡ್ರು.

8 ಜನವರಿ

ನಮ್ಮೂರಿನ ಚೀಟಿ ಎಣಿಸಿ ಆಯ್ತು. ನಾನು ಮುಟ್ಟಲಿಲ್ಲ, ಹರಿಪ್ರಸಾದ್ ಎಣಿಸಿ ಬೋರ್ಡಿನ ಮೇಲೆ ಬರೆದ. ಕಾಯಿಲೆ ಬಗ್ಗೆ ಗೊತ್ತಾ ಅಂದ್ರೆ ಎಲ್ಲರೂ ಹಸಿರು. ಹೆಂಡತಿ ಅಲ್ಲದೆ ಬೇರೆಯವರ ಹತ್ರ ಹೋಗಿದ್ದೀರಾ ಅಂದ್ರೆ ಎಲ್ಲರೂ ಕೆಂಪು, ಒಬ್ಬನೂ ಹೋಗಿಲ್ಲ. "ನಿಮ್ಮೂರಿನ ಗಂಡಸರು ಅಪ್ಪಟ ಚಿನ್ನ ಅಕ್ಕಾ" ಅಂದ ಹರಿಪ್ರಸಾದ್. ಎಷ್ಟು ಊರು ನೋಡಿದ್ದೀವಿ, ಎರಡೋ ಮೂರೋ ಹಸಿರು ಬೀಳದ ಗಂಡಸರ ಗುಂಪು ಇದೊಂದೇ. ಅದೂ ಅರ್ಧಕ್ಕರ್ಧ ಟಿಪ್ಪರ್ ಓಡಿಸೋರಿರೋ ಊರು.

ಮುಂದಿನ ಪ್ರಶ್ನೆ, ಹಂಗೆ ಹೋದಾಗ ನಿರೋಧ್ ಬಳಸಿದ್ರಾ ಅಂತ. ಯಾರೂ ಹೋಗೇ ಇಲ್ಲ ಅಂದ ಮೇಲೆ ಎಲ್ಲ ಕೆಂಪೇ ಇರಬೇಕು. ಅದರಲ್ಲಿ ಒಂದೇ ಒಂದು ಹಸಿರು.

"ಒಬ್ಬನ ಕೈ ತಪ್ಪಿದೆ, ಲೆಕ್ಕಕ್ಕೆ ತಗೋಬೇಡ" ಅಂತ ರವಿಚಂದ್ರ ಸರ್ ಅಳಿಸಿಹಾಕಿದ್ರು. ಕೈ ತಪ್ಪಿಲ್ಲ. ಹಿಂದಿನ ಪ್ರಶ್ನೆಗೆ ಹೆದರಿ ಸುಳ್ಳು ಹೇಳಿ, ಇದಕ್ಕೆ ಬಾಯಿ ತಪ್ಪಿ ನಿಜ ಹೇಳಿದಾನೆ ಯಾವನೋ ಒಬ್ಬ. ಹೋಗಿದ್ದಾನೆ, ಆದ್ರೆ ಬಳಸಿದ್ದಾನೆ.

ಬಸ್ಸಲ್ಲಿ ಬರ್ತಾ ಒಬ್ಬೊಬ್ಬರ ಮುಖಾನೂ ಕಣ್ಣ ಮುಂದೆ ತಂದ್ಕೊಂಡೆ. ಮರೆ ಇಟ್ಟು, ಯಾರಿಗೂ ಗೊತ್ತಾಗಲ್ಲ ಅಂತ ಊರೂರಿಗೂ ಮಾತು ಕೊಟ್ಟವಳು ನಾನೇ, ಈಗ ನಾನೇ ಕೂತು ಹುಡುಕ್ತಿದ್ದೀನಿ. ಥೂ ಅನ್ನಿಸ್ತು. ಆದ್ರೂ ಬಿಡೋಕಾಗಲಿಲ್ಲ. ಕೊನೆಗೆ ದೇವನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಇಳಿಯೋ ಹೊತ್ತಿಗೆ, ಅಪ್ಪಾ ಭಗವಂತ, ಆ ಹಸಿರು ಚೀಟಿ ನಮ್ಮನೆಯವರದ್ದೇ ಆಗಿರಲಿ ಅಂತ ಬೇಡ್ಕೊಳ್ತಿದ್ದೆ.

15 ಜನವರಿ, ಸಂಕ್ರಾಂತಿ

ಎಳ್ಳು ಬೀರಿ ಬಂದೆ. ಹರ್ಷಿತಂಗೆ ಕೆಮ್ಮು ಅಂತ ಈ ವಾರ ಅವಳ ಪಕ್ಕದಲ್ಲೇ ಮಲಗ್ತಿದ್ದೀನಿ. ಅವಳಿಗೆ ಕೆಮ್ಮಿಲ್ಲ.

ಅತ್ತೆ ಕಣ್ಣಿಗೆ ಬಿದ್ದಿದೆ. "ಮಗು ಬೇಕಾದ್ರೆ ಗಂಡ ಹೆಂಡ್ತಿ ಒಂದು ಕಡೆ ಇರಬೇಕು ಕಣೇ, ನೀನು ಮಗಳ ಜೊತೆ ಮಲಗಿದ್ರೆ ಬರುತ್ತಾ" ಅಂತ ಎಳ್ಳು ಬೆಲ್ಲ ಬಾಯಿಗೆ ಹಾಕ್ಕೊಂಡೇ ಕೇಳಿದ್ರು. ಮಗು ಕೇಳೋ ಮನೇಲಿ ನಿರೋಧ್ ಅನ್ನೋದು ಹೆಂಗೆ? ಪಾಪಕ್ಕನಿಗಾದ್ರೂ ಆ ತೊಂದರೆ ಇರಲಿಲ್ಲ. ಹೇಳದೇ ಹಂಗೇ ಇದ್ಬಿಟ್ಟು, ಇವರಿಗೇನಾದ್ರೂ ಇದ್ದು ಅದು ನನಗೂ ಬಂದು, ಹುಟ್ಟೋ ಕೂಸಿಗೂ ಬಂದ್ರೆ? ಇದನ್ನೇ ಬೇರೆ ಹೆಂಗಸರಿಗೆ ಬಿಡಿಸಿ ಬಿಡಿಸಿ ಹೇಳ್ತೀನಿ. ಭಯ ಆಗುತ್ತೆ, ತುಂಬಾ ಭಯ ಆಗುತ್ತೆ.

ಇವರು ಇವತ್ತು ಹೊಸ ಸೀರೆ ತಂದಿದ್ರು. ಚೆನ್ನಾಗಿದೆ. ಉಟ್ಕೊಂಡೆ.

24 ಜನವರಿ

ಕೇಳ್ಬಿಟ್ಟೆ.

ಬೆಳಿಗ್ಗೆ ಬೋರ್‌ವೆಲ್ ಹತ್ರ ಟಿಪ್ಪರ್ ತೊಳೀತಿದ್ರು. ಮಾವ ಹಾಲಿನ ಡೈರಿಗೆ ಹೋಗಿದ್ರು, ಅತ್ತೆ ಒಳಗಿದ್ರು. ಕಾಫಿ ಕೊಟ್ಟು, "ರೀ, ಒಂದಿನ ದೇವನಹಳ್ಳಿ ಆಸ್ಪತ್ರೆಗೆ ಹೋಗಿ ಇಬ್ರೂ ಎಚ್‌ಐವಿ ಪರೀಕ್ಷೆ ಮಾಡಿಸ್ಕೊಂಡು ಬರೋಣ. ಅತ್ತೆ ಮಗು ಮಗು ಅಂತಿದಾರಲ್ಲ, ಅದಕ್ಕೆ ಮುಂಚೆ" ಅಂದೆ. ಅಷ್ಟೇ ಅಂದಿದ್ದು.

ಪೈಪು ಕೆಳಗೆ ಬಿಟ್ಟು ತಿರುಗಿದ್ರು. "ಯಾರು ಹೇಳಿದ್ರು ನಿಂಗೆ?"

ಬೇರೆ ಕಡೆ ಹೋಗ್ತೀರಾ ಅಂತ ನಾನು ಕೇಳೇ ಇರಲಿಲ್ಲ. ಅದು ಅವರಿಗೂ ಆಮೇಲೆ ಹೊಳೀತು ಅನ್ಸುತ್ತೆ. ಕಾಫಿ ಲೋಟ ತಗೊಂಡು, ಕುಡೀದೇ, "ಅಲ್ಲ, ಡ್ರೈವರ್ ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ, ಅದಕ್ಕೆ ಕೇಳ್ದೆ" ಅಂದ್ರು.

"ಯಾರೂ ಏನೂ ಹೇಳಿಲ್ಲ."

"ನೋಡು ಶಶಿ, ನಿನ್ನ ಮರ್ಯಾದೆ ಹೋಗಬಾರದು ಅಂತಾನೇ ಅವತ್ತು ನಾವೆಲ್ಲ ಮಾತಾಡ್ಕೊಂಡು ಹೋಗಿದ್ದು. ನಮ್ಮನೇವ್ಳ ಆಫೀಸಲ್ಲೇ ಎಣಿಸ್ತಾರೆ, ಅಂಥ ಪ್ರಶ್ನೆ ಬಂದಾಗೆಲ್ಲ ಕೆಂಪಿಗೇ ಹಾಕ್ರಪ್ಪಾ ಅಂತ ಟೀ ಅಂಗಡೀಲಿ ನಾನೇ ಎಲ್ರಿಗೂ ಹೇಳ್ದೆ. ನಾನೂ ಅಂಥವು ಒಂದೂ ಬಿಡದಂಗೆ ಕೆಂಪಿಗೇ ಹಾಕಿದ್ದೀನಿ."

ನನಗೋಸ್ಕರ ಏನೋ ದೊಡ್ಡ ಉಪಕಾರ ಮಾಡಿದವರ ಥರ ಹೇಳಿದ್ರು. ಹಂಗಾದ್ರೆ ಆ ಹಸಿರು ಇವರದ್ದಲ್ಲ. ಹದಿನೈದು ದಿನದಿಂದ ಅದೊಂದನ್ನೇ ಹಿಡ್ಕೊಂಡು ಕೂತಿದ್ದೆ. ನಿರೋಧ್ ಬಳಸಿದ್ರೂ ಇವರು ಕೆಂಪಿಗೇ ಹಾಕಿರಬಹುದಲ್ಲ ಅಂತಾನೂ ಒಂದು ಯೋಚನೆ ಬಂತು. ಮನಸ್ಸಿಗೆ ಏನು, ಬೇಕಾದ ಕಡೆ ಓಡುತ್ತೆ.

"ಬರ್ತೀರೋ ಇಲ್ವೋ" ಅಂದೆ. ಗಾಡಿ ಹತ್ತಿ ಹೋದ್ರು. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸುಸ್ತಾಯ್ತು. ಲೋಟ ಎತ್ಕೊಂಡು ಒಳಗೆ ಬಂದೆ.

28 ಜನವರಿ

ಅವತ್ತು ಹೋದೋರು ಬಂದಿಲ್ಲ. ಫೋನ್ ತೆಗೀತಿಲ್ಲ. ಏನು ಜಗಳ ಅಂತ ಅತ್ತೆ ಹಿಂದೆ ಬಿದ್ದಿದಾರೆ. ಕೆಲಸಕ್ಕೆ ಹೋದೆ, ಓದಿದೆ, ಎಣಿಸಿದೆ, ಬಂದೆ.

ಪರೀಕ್ಷೆಗೆ ನಾನೊಬ್ಬಳೇ ಆದ್ರೂ ಹೋಗ್ತೀನಿ. ನನ್ನದೊಂದು ಗೊತ್ತಾದ್ರೆ ಇವರದ್ದು ಗೊತ್ತಾದಂಗಲ್ಲ. ಆದ್ರೂ ಹೋಗ್ತೀನಿ.

1 ಫೆಬ್ರವರಿ

ಬಂದ್ರು. ಗಡ್ಡ ಬಿಟ್ಟಿದ್ರು. ಹರ್ಷಿತ ಓಡಿ ಹೋಗಿ ಕಾಲು ತಬ್ಕೊಂಡಳು, ಎತ್ತಿಕೊಳ್ಳಲಿಲ್ಲ, ತಲೆ ಮೇಲೆ ಕೈ ಇಟ್ಕೊಂಡು ನಿಂತಿದ್ರು. ಊಟ ಬಡಿಸುವಾಗ ತಟ್ಟೆ ನೋಡ್ತಾನೇ, "ಯಾವತ್ತು ಹೋಗೋದು ಆಸ್ಪತ್ರೆಗೆ" ಅಂದ್ರು. ಬುಧವಾರ ಅಂದೆ. ಅತ್ತೆ ಯಾರಿಗೇನಾಗಿದೆ ಅಂತ ಒಳಗಿಂದ ಕೂಗಿದ್ರು. ಇವರಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಇವರಿಗೆ ಭಯ ಆಗಿದೆ. ನೋಡಿ ಅಯ್ಯೋ ಅನ್ನಿಸ್ತು. ಅನ್ನಿಸಬಾರದಿತ್ತು.

6 ಫೆಬ್ರವರಿ, ಬುಧವಾರ

ಬೈಕಲ್ಲಿ ಹೋದ್ವಿ. ಆಸ್ಪತ್ರೇಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದ್ರು. ಕೌನ್ಸೆಲರ್ ಅನುಸೂಯಮ್ಮ ಅಂತ, ನನಗಿಂತ ಸ್ವಲ್ಪ ದೊಡ್ಡೋರು. ನಾನು ಊರೂರಲ್ಲಿ ಕೇಳೋ ಪ್ರಶ್ನೇನೇ ನನ್ನ ಕೇಳಿದ್ರು. ಗಂಡ ನಿರೋಧ್ ಬಳಸ್ತಾರಾ ಅಂದ್ರು, ಇಲ್ಲ ಅಂದೆ. ಅವರು ಬೇರೆ ಕಡೆ ಹೋಗ್ತಾರಾ ಅಂದ್ರು. ಹೂಂ ಅಂದೆ. ಮೊದಲನೇ ಸಲ ಬಾಯಿಬಿಟ್ಟು ಅಂದಿದ್ದು. ಅಳು ಬಂತು, ಅತ್ಬಿಟ್ಟೆ. ನೀರು ಕೊಟ್ರು. ನಿರೋಧ್ ಹೆಂಗೆ ಹಾಕೋದು ಅಂತ ಮರದ ಗೊಂಬೆ ಮೇಲೆ ತೋರಿಸಿದ್ರು, ಕಣ್ಣೊರೆಸ್ಕೊಂಡು ಪೂರ್ತಿ ನೋಡಿದೆ.

ಇವರು ಒಳಗೆ ಹೋದೋರು ಐದು ನಿಮಿಷಕ್ಕೆಲ್ಲ ಆಚೆ. "ಎಲ್ಲ ಗೊತ್ತು ಮೇಡಂ ಅಂದ್ಬಿಟ್ಟೆ" ಅಂದ್ರು. ರಕ್ತ ಕೊಟ್ಟು ಬೆಂಚಿನ ಮೇಲೆ ಕೂತ್ವಿ. ನನ್ನ ಸೆರಗಿನ ಅಂಚು ಹಿಡ್ಕೊಂಡಿದ್ರು, ಅವರಿಗದು ಗೊತ್ತೂ ಇರಲಿಲ್ಲ ಅನ್ಸುತ್ತೆ. ಬಿಡಿಸ್ಕೊಳ್ಳಲಿಲ್ಲ ನಾನು.

ಮಧ್ಯಾಹ್ನ ರಿಸಲ್ಟ್ ಕೊಟ್ರು. ಇಬ್ರಿಗೂ ಏನೂ ಇಲ್ಲ. ಆದ್ರೆ ಈಚೆಗೆ ತಗುಲಿದ್ರೆ ಈಗಲೇ ಕಾಣಲ್ಲ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡಿಸಬೇಕು, ಅಲ್ಲೀವರೆಗೆ ಹುಷಾರು ಅಂತ ಅನುಸೂಯಮ್ಮ ಇಬ್ಬರನ್ನೂ ಕೂರಿಸಿ ಹೇಳಿದ್ರು. ಒಂದು ನಿರೋಧ್ ಪೊಟ್ಟಣ ಕೊಟ್ರು. ಇವರು ಕೈ ಚಾಚಲಿಲ್ಲ, ನಾನೇ ಬ್ಯಾಗಿಗೆ ಹಾಕ್ಕೊಂಡೆ.

ಆಚೆ ಬರ್ತಿದ್ದಂಗೇ ಇವರಿಗೆ ಜೀವ ಬಂತು. ಹರ್ಷಿತಂಗೆ ಜಿಲೇಬಿ ಕಟ್ಟಿಸಿದ್ರು. ಬೈಕಲ್ಲಿ ಹಾಡು ಗುನುಗಿದ್ರು. "ನೋಡು, ಸುಮ್ನೆ ಹೆದರಿಸ್ದೆ. ಇನ್ಮೇಲೆ ಎಲ್ಲಾ ಸರಿಹೋಗುತ್ತೆ, ಅಮ್ಮಂಗೂ ಖುಷಿ ಆಗುತ್ತೆ" ಅಂದ್ರು.

ಕುಂದಾಣ ಕ್ರಾಸ್ ದಾಟಿದ ಮೇಲೆ ಹಿಂದಿನಿಂದ ಹೇಳಿದೆ. "ಮೂರು ತಿಂಗಳು ಆಗಬೇಕು. ಅಲ್ಲೀವರೆಗೆ ನಿರೋಧ್ ಇಲ್ಲದೆ ನನ್ನ ಹತ್ರ ಬರಬೇಡಿ. ಅತ್ತೆಗೆ ಏನು ಹೇಳಬೇಕೋ ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಹಾಡು ನಿಲ್ತು. ಸ್ವಲ್ಪ ದೂರ ಹೋಗಿ ಒಂದು ಹುಣಸೆಮರದ ಹತ್ರ ಬೈಕ್ ನಿಲ್ಲಿಸಿದ್ರು. ಹೊಡೀತಾರೇನೋ ಅಂದ್ಕೊಂಡೆ. ಇಳೀಲಿಲ್ಲ, ತಿರುಗಿ ನೋಡಲೂ ಇಲ್ಲ. ಜಲ್ಲಿ ತುಂಬಿದ ಟಿಪ್ಪರುಗಳು ಸಾಲಾಗಿ ಹೋಗ್ತಿದ್ವು, ಒಂದರ ಡ್ರೈವರ್ ಇವರನ್ನ ನೋಡಿ ಹಾರನ್ ಹೊಡೆದ, ಕೈ ಎತ್ತಲಿಲ್ಲ ಇವರು.

ಹ್ಯಾಂಡಲ್ ನೋಡ್ತಾನೇ, "ಅದನ್ನ ಹಾಕ್ಕೊಳೋದು ಹೆಂಗೆ ಅಂತ ನಿಂಗೊತ್ತಾ?" ಅಂದ್ರು. ಆಮೇಲೆ ಇನ್ನೂ ಮೆಲ್ಲಗೆ, "ನಾನು ಒಂದ್ಸಲಾನೂ ಹಾಕ್ಕೊಂಡಿಲ್ಲ ಕಣೇ" ಅಂದ್ರು.

ಒಂದ್ಸಲಾನೂ ಇಲ್ಲ. ಅಲ್ಲೂ ಇಲ್ಲ.

"ಗೊತ್ತು, ಹೇಳಿಕೊಡ್ತೀನಿ" ಅಂದೆ. ಟಿಪ್ಪರ್ ಸದ್ದಿಗೆ ಕೇಳಿಸಲಿಲ್ಲ ಅವರಿಗೆ. ಇನ್ನೊಂದ್ಸಲ ಜೋರಾಗಿ ಹೇಳಬೇಕಾಯ್ತು.